ನೆಟ್ ಕಟ್ಟಲು ಇಬ್ಬರು ಬೇಕು

ವಾಲಿಬಾಲ್ ನೆಟ್ಟನ್ನು ಒಬ್ಬರೇ ಕಟ್ಟುವುದು ಆಗದ ಮಾತು. ಮೇಲಂಚಿನ ಹಗ್ಗವನ್ನು ಒಬ್ಬರು ಮೈಭಾರವನ್ನೆಲ್ಲ ಹಾಕಿ ಜಗ್ಗಿ ಹಿಡಿಯಬೇಕು, ಇನ್ನೊಬ್ಬರು ಆ ಬಿಗಿ ಸಡಿಲುವ ಮೊದಲೇ ಕಂಬಕ್ಕೆ ಸುತ್ತಿ ಗಂಟು ಹಾಕಬೇಕು. ಜಗ್ಗುವವರು ಕ್ಷಣ ಮೊದಲು ಕೈಬಿಟ್ಟರೂ ನೆಟ್ ನಡುವೆ ಜೋಲುತ್ತದೆ. ಗಂಡಸರ ಆಟದಲ್ಲಿ ನೆಲದಿಂದ 2.43 ಮೀಟರ್ ಎತ್ತರದಲ್ಲಿರಬೇಕಾದ ನೆಟ್ ಒಂದು ಗೇಣು ಕೆಳಗಿಳಿದರೆ ಸಾಕು, ಆಟದ ರುಚಿಯೇ ಕೆಡುತ್ತದೆ.

ನಾನು ದಿನಾ ಬೆಳಗ್ಗೆ ಆಡುವ ಗುಂಪಿನಲ್ಲಿ ಗಂಟು ಹಾಕುವ ಕೆಲಸ ನಮ್ಮ ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಆಟಗಾರ, ಅವರದ್ದು. ಅರವತ್ತು ದಾಟಿದವರು. ಎಲ್ಲರೂ ಅವರನ್ನು ಅಣ್ಣ ಅನ್ನುತ್ತೇವೆ. ಚೆಂಡು, ನೆಟ್, ಗಾಳಿ ಹೊಡೆಯುವ ಪಂಪು, ಅದರ ಸೂಜಿ, ಎಲ್ಲ ಇರುವುದು ಅವರ ಸ್ಕೂಟರಿನ ಸೀಟಿನಡಿಯ ಡಿಕ್ಕಿಯಲ್ಲಿ ಮತ್ತು ಮುಂದೆ ನೇತುಹಾಕಿದ ಚೀಲದಲ್ಲಿ. ಒಂದು ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಬುಧವಾರ ಯಾರೋ ಹಳೆಯ ನೆಟ್ ತಂದರು. ನಾಲ್ಕು ಜನ ಸೇರಿ ಕಟ್ಟಿದೆವು, ಮೊದಲ ಸೆಟ್ ಮುಗಿಯುವಷ್ಟರಲ್ಲಿ ಗಂಟು ಜಾರಿ ನೆಟ್ ನೆಲ ಮುಟ್ಟಿತು. ಅದನ್ನು ನೋಡುತ್ತ ನಿಂತಾಗ ಎಲ್ಲರಿಗೂ ಒಂದೇ ಸಲ ಹೊಳೆಯಿತು. ಇಷ್ಟು ವರ್ಷ ಅವರು ಎತ್ತಿಕೊಟ್ಟ ಚೆಂಡನ್ನೇ ಹೊಡೆದಿದ್ದೇವೆ, ಆದರೆ ಅವರ ಮನೆ ಎಲ್ಲಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಒಬ್ಬನಿಗೆ ಗೊತ್ತಿತ್ತು. ಅವನ ವಿಷಯ ಸ್ವಲ್ಪ ಮುಂದೆ ಹೇಳುತ್ತೇನೆ.

ಆ ಬುಧವಾರದಿಂದ ನನ್ನನ್ನು ಒಂದು ಪ್ರಶ್ನೆ ಬಿಟ್ಟಿಲ್ಲ. ಆಟ ಜನರನ್ನು ಒಂದುಗೂಡಿಸುತ್ತದೆ ಎಂದು ಕ್ರೀಡಾಕೂಟದ ಉದ್ಘಾಟನೆಗೆ ಬಂದವರೆಲ್ಲ ಹೇಳುತ್ತಾರೆ. ನಿಜವೇ? ನಿಜವಾದರೆ, ಒಂದುಗೂಡಿಸುವುದು ಆಟದ ಯಾವ ಭಾಗ?

ಸಮಾಜಶಾಸ್ತ್ರದವರು ಇದಕ್ಕೆ ‘ಸಾಮಾಜಿಕ ಬಂಡವಾಳ’ ಎಂಬ ಮಾತು ಬಳಸುತ್ತಾರೆ. ಹಣವಲ್ಲ, ಜಮೀನಲ್ಲ, ಜನರ ನಡುವಿನ ನಂಬಿಕೆ, ಒಡನಾಟ, ಹೊತ್ತಿಗೆ ಆಗುವ ಗುಣ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹಳ್ಳಿ ಶಾಲೆಗಳ ಉಸ್ತುವಾರಿ ನೋಡುತ್ತಿದ್ದ ಎಲ್. ಜೆ. ಹ್ಯಾನಿಫನ್ 1916ರಲ್ಲೇ ಈ ಮಾತನ್ನು ಇದೇ ಅರ್ಥದಲ್ಲಿ ಬಳಸಿದ್ದರು. ಅಕ್ಕಪಕ್ಕದವರ ಜೊತೆ ಬೆರೆಯದೆ ಒಬ್ಬಂಟಿಯಾದ ಮನುಷ್ಯ ಸಾಮಾಜಿಕವಾಗಿ ಕೈಲಾಗದವನಾಗುತ್ತಾನೆ ಎಂಬುದು ಅವರ ವಾದದ ತಿರುಳು. ಬಂಡವಾಳ ಎಂಬ ಪದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಬಂಡವಾಳ ಖರ್ಚು ಮಾಡಿದಷ್ಟೂ ಕರಗುತ್ತದೆ, ಇದು ಬಳಸದೆ ಬಿಟ್ಟರೆ ಕರಗುತ್ತದೆ. ಆದರೂ ಬೇರೆ ಪದವಿಲ್ಲ, ಅದನ್ನೇ ಇಟ್ಟುಕೊಳ್ಳೋಣ.

ಈ ಚರ್ಚೆಯನ್ನು ಜನರ ಬಾಯಿಗೆ ತಂದವರು ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪುಟ್ನಮ್. 1995ರ ಒಂದು ಪ್ರಬಂಧದಲ್ಲಿ ಅವರು ಬೌಲಿಂಗ್ ಆಟದ ಲೆಕ್ಕ ಮುಂದಿಟ್ಟರು. ನಮ್ಮ ಕ್ರಿಕೆಟ್ಟಿನ ಬೌಲಿಂಗ್ ಅಲ್ಲ, ಮರದ ಹಾಸಿನ ಮೇಲೆ ಭಾರದ ಚೆಂಡುರುಳಿಸಿ ಗೂಟ ಉರುಳಿಸುವ ಆಟ. 1980ರಿಂದ 1993ರ ನಡುವೆ ಅಮೆರಿಕದಲ್ಲಿ ಈ ಆಟ ಆಡುವವರ ಸಂಖ್ಯೆ ಶೇ. 10ರಷ್ಟು ಹೆಚ್ಚಾಗಿತ್ತು. ಅದೇ ಅವಧಿಯಲ್ಲಿ ತಂಡ ಕಟ್ಟಿಕೊಂಡು ಲೀಗ್ ಆಡುವುದು ಶೇ. 40ರಷ್ಟು ಕುಸಿದಿತ್ತು. ಆಡುವವರು ಹೆಚ್ಚಾದರು, ಜೊತೆಗೂಡುವವರು ಕಡಿಮೆಯಾದರು. ಆಟ ಬೆಳೆದರೆ ನಂಟು ತಾನಾಗಿ ಬೆಳೆಯುತ್ತದೆ ಎಂದುಕೊಂಡಿದ್ದವರಿಗೆ ಈ ಎರಡು ಅಂಕಿಗಳೇ ಉತ್ತರ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಟ್ರೆಡ್‌ಮಿಲ್ ಮೇಲೆ ಅಕ್ಕಪಕ್ಕ ಓಡುವ ಹತ್ತು ಜನರನ್ನು ನೆನೆಸಿಕೊಳ್ಳಿ. ಹತ್ತೂ ಮೈ ಗಟ್ಟಿಯಾಗುತ್ತವೆ. ಹನ್ನೊಂದನೆಯ ದಿನ ಅವರಲ್ಲೊಬ್ಬರು ಬರದಿದ್ದರೆ ಕೇಳುವವರಿಲ್ಲ.

ಹಾಗಾದರೆ ನಮ್ಮ ಅಂಗಳದಲ್ಲಿ ಏನಾಗುತ್ತದೆ?

ನನಗೆ ತಿಳಿದಮಟ್ಟಿಗೆ, ಆಗುವುದೆಲ್ಲ ಆಟದ ಅಂಚಿನಲ್ಲಿ. ಗೆರೆ ಮಾಸಿದೆ, ಸುಣ್ಣದ ಪುಡಿ ಯಾರು ತರುತ್ತೀರಿ? ಚೆಂಡಿನ ಬ್ಲಾಡರ್ ಹೋಗಿದೆ, ದುಡ್ಡು ಯಾರದ್ದು? ಹದಿನಾಲ್ಕು ಜನ ಬಂದಿದ್ದಾರೆ, ಮೊದಲ ಸೆಟ್ ಹೊರಗೆ ಕೂರುವ ಇಬ್ಬರು ಯಾರು? ಇದಕ್ಕೆಲ್ಲ ಬರೆದಿಟ್ಟ ನಿಯಮವಿಲ್ಲ. ನಿನ್ನೆ ಕೂತವರು ಇವತ್ತು ಕೂರುವ ಹಾಗಿಲ್ಲ ಎಂಬ ನೆನಪೊಂದೇ ನಿಯಮ. ಆ ನೆನಪು ಎಲ್ಲರ ತಲೆಯಲ್ಲೂ ಇರುತ್ತದೆ ಎಂಬುದು ನನಗೆ ಇವತ್ತಿಗೂ ಅಚ್ಚರಿ. ದಿನಾ ನಡೆಯುವ ಇಂಥ ಸಣ್ಣ ಕೊಡುಕೊಳ್ಳುವಿಕೆಯೇ ಮುಂದೆ ದೊಡ್ಡ ಹೊರೆ ಹೊರುವ ಹಗ್ಗವಾಗುತ್ತದೆ.

ಗೆರೆಯ ತಕರಾರು ಇನ್ನೂ ದೊಡ್ಡ ಪಾಠಶಾಲೆ. ನಮಗೆ ಅಂಪೈರ್ ಇಲ್ಲ. ಚೆಂಡು ಗೆರೆಯ ಬಳಿ ಬಿದ್ದರೆ ಆ ಬದಿಯವರೇ ಒಳಗೋ ಹೊರಗೋ ಹೇಳಬೇಕು. ಒಂದು ಸಲ 23–23ರಲ್ಲಿ ಎದುರಿನವರು ಹೊಡೆದ ಚೆಂಡು ನಮ್ಮ ಬ್ಲಾಕ್, ಅಂದರೆ ತಡೆಯಲು ನೆಟ್ ಬಳಿ ಎತ್ತಿದ ಕೈಗಳ, ಮೇಲಿಂದ ಹಾದು ಅಂಗಳದಿಂದ ಒಂದು ಮಾರು ಆಚೆ ಬಿತ್ತು. ಪಾಯಿಂಟ್ ನಮ್ಮದು ಎಂದು ನಾವು ಕೂಗಿದೆವು, ಎದುರಿನವರೂ ಒಪ್ಪಿ ಸರ್ವಿಸಿಗೆ ಚೆಂಡು ಎಸೆದರು. ಅಷ್ಟರಲ್ಲಿ ಅಣ್ಣ ಬಲಗೈಯ ಕಿರುಬೆರಳು ಎತ್ತಿ, “ಇಲ್ಲ ಕಣ್ರೋ, ಇದಕ್ಕೆ ತಾಗಿ ಹೋಯ್ತು” ಎಂದರು. ನಮ್ಮ ಕೈಗೆ ತಾಗಿ ಹೊರಹೋದರೆ ಪಾಯಿಂಟ್ ಎದುರಿನವರದ್ದು. ಯಾರೂ ನೋಡಿರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆ ಸೆಟ್ ನಾವು ಸೋತೆವು. ಆದರೆ ಅವತ್ತಿನ ನಂತರ ಅಣ್ಣ ಔಟ್ ಎಂದರೆ ಔಟ್, ಎದುರಿನವರು ತಿರುಗಿ ಕೇಳುವುದಿಲ್ಲ. ಫ್ಲೈಯಿಂಗ್ ಡಿಸ್ಕ್ ಎಸೆದಾಡುವ ಅಲ್ಟಿಮೇಟ್ ಎಂಬ ಆಟವನ್ನು ಈ ಬುನಾದಿಯ ಮೇಲೇ ಕಟ್ಟಿದ್ದಾರೆ. ಫೌಲ್ ಆಯಿತೋ ಇಲ್ಲವೋ ಎಂದು ಆಡುವವರೇ ಮಾತಾಡಿ ತೀರ್ಮಾನಿಸುತ್ತಾರೆ. ಪಂದ್ಯ ಮುಗಿದ ಮೇಲೆ ಎದುರು ತಂಡದ ನಡತೆಗೆ ಅಂಕ ಕೊಡುವ ಪದ್ಧತಿಯೂ ಇದೆ. ನಂಬಿಕೆಗೂ ವ್ಯಾಯಾಮ ಬೇಕು ಎಂದು ಅರಿತವರು ಮಾಡಿದ ನಿಯಮ ಅದು.

ಈ ನಂಬಿಕೆ ಅಂಗಳ ದಾಟಿ ಹೋಗುವ ದಾರಿಗಳು ವಿಚಿತ್ರ. ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಗುಮಾಸ್ತರು, ಒಬ್ಬ ಎಲೆಕ್ಟ್ರಿಷಿಯನ್, ಇಬ್ಬರು ಕಾಲೇಜು ಹುಡುಗರು, ಒಬ್ಬ ಆಂಬುಲೆನ್ಸ್ ಚಾಲಕ. ಅಂಗಳ ಇಲ್ಲದಿದ್ದರೆ ಇವರು ಒಬ್ಬರಿಗೊಬ್ಬರು ಎದುರಾಗುತ್ತಲೇ ಇರಲಿಲ್ಲ. ಕಾಲೇಜು ಹುಡುಗನೊಬ್ಬನಿಗೆ ಮೊದಲ ಕೆಲಸದ ಸುಳಿವು ಕೊಟ್ಟದ್ದು ಆ ಎಲೆಕ್ಟ್ರಿಷಿಯನ್. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದ್ದು ಇದನ್ನೇ. ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವರು ವಿಚಾರಿಸಿದಾಗ, ಸುಳಿವು ಕೊಟ್ಟವರು ಪದೇಪದೇ ಸಿಗುವ ಆಪ್ತರು ಎಂದವರು ನೂರಕ್ಕೆ 17 ಮಂದಿಯಷ್ಟೇ. ಉಳಿದವರಿಗೆಲ್ಲ ದಾರಿ ತೋರಿದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ದೂರದಿಂದ ಬರಬೇಕು. ಆಟದ ಗೆಳೆತನ ಎರಡರ ನಡುವಿನದ್ದು. ಮನೆಯ ವಿಷಯ ಗೊತ್ತಿಲ್ಲದಷ್ಟು ದೂರ, ಸಿಟ್ಟು ಬಂದಾಗ ಮುಖ ಹೇಗಾಗುತ್ತದೆ ಎಂದು ಗೊತ್ತಿರುವಷ್ಟು ಹತ್ತಿರ.

ಇಲ್ಲಿಯವರೆಗೆ ಬರೆದದ್ದು ಸುಲಭದ ಭಾಗ. ಇನ್ನು ಆ ಹುಡುಗನ ವಿಷಯ.

ಅಂಗಳದ ಪಕ್ಕದಲ್ಲಿ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಕೆಲಸ ಮಾಡುವವರು ತಗಡಿನ ಶೆಡ್ಡುಗಳಲ್ಲಿ ಇದ್ದರು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ದಿನಾ ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಬೇಲಿ ಹಿಡಿದು ಆಟ ನೋಡುತ್ತಿದ್ದ. ಚೆಂಡು ಬೇಲಿಯಾಚೆ ಹೋದರೆ ಓಡಿ ತಂದು ಕೊಡುತ್ತಿದ್ದ. ಎಸೆಯುತ್ತಿರಲಿಲ್ಲ, ಎರಡೂ ಕೈ ಮೇಲೆತ್ತಿ, ಬೆರಳ ತುದಿಯಿಂದ ಲಿಫ್ಟ್ ಮಾಡಿಯೇ ಕಳಿಸುತ್ತಿದ್ದ. ಚೆಂಡು ಸುತ್ತದೆ ತೇಲಿ ಬರುತ್ತಿತ್ತು. ಆಟ ಬಲ್ಲವರಿಗೆ ಅದೊಂದೇ ಸಾಕಿತ್ತು, ಇವನು ಎಲ್ಲೋ ಚೆನ್ನಾಗಿ ಆಡಿದವನು ಎಂದು ತಿಳಿಯಲು. ನಮಗೆ ತಿಳಿದೂ ಇತ್ತು. ಆದರೂ ಸುಮಾರು ಐದು ತಿಂಗಳು ನಮ್ಮಲ್ಲಿ ಯಾರೂ ಅವನನ್ನು ಒಳಗೆ ಕರೆಯಲಿಲ್ಲ. ಯಾರಿಗೂ ಅವನ ಮೇಲೆ ದ್ವೇಷವಿರಲಿಲ್ಲ. ಕರೆಯಬೇಕು ಎನ್ನಿಸಲಿಲ್ಲ, ಅಷ್ಟೆ. ಆ ‘ಅಷ್ಟೆ’ ನನ್ನನ್ನು ಈಗಲೂ ಚುಚ್ಚುತ್ತದೆ.

ಸಾಮಾಜಿಕ ಬಂಡವಾಳದ ಬಗ್ಗೆ ಬರೆಯುವವರು ಅದರಲ್ಲಿ ಎರಡು ಬಗೆ ಗುರುತಿಸುತ್ತಾರೆ. ಒಂದು, ಒಳಗಿನವರನ್ನು ಬಿಗಿಯುವುದು. ಇನ್ನೊಂದು, ಒಳಗಿನವರಿಂದ ಹೊರಗಿನವರಿಗೆ ಸೇತುವೆ ಹಾಕುವುದು. ಆಟ ಮೊದಲನೆಯದನ್ನು ಹೇಳದೆ ಕೇಳದೆ ಮಾಡಿಬಿಡುತ್ತದೆ. ಎರಡನೆಯದಕ್ಕೆ ಯಾರಾದರೂ ಬೇಲಿಯ ಬಳಿ ನಡೆದುಹೋಗಬೇಕು. ಒಂದು ಮಳೆಯ ಬೆಳಗ್ಗೆ ನಾವು ಹನ್ನೊಂದೇ ಜನ ಇದ್ದೆವು. ಅಣ್ಣ ಬೇಲಿಯತ್ತ ತಿರುಗಿ, “ಬಾರೋ ತಮ್ಮಾ, ಒಂದು ಜಾಗ ಇದೆ” ಎಂದರು. ಅವನು ಚಪ್ಪಲಿ ಬಿಟ್ಟು ಬಂದ. ನಮ್ಮ ಭಾಷೆ ಅವನಿಗೆ ಅರ್ಧಂಬರ್ಧ ಬರುತ್ತಿತ್ತು, ಆದರೆ ‘ನಂದು’ ಎಂದು ಕೂಗಿ ಚೆಂಡಿಗೆ ಹೋಗುವುದನ್ನು ಮೊದಲ ಹತ್ತು ನಿಮಿಷದಲ್ಲೇ ಕಲಿತ.

ಹೀಗೆ ಒಂದೇ ತಂಡದಲ್ಲಿ ಆಡುವುದಕ್ಕೂ ಎದುರು ಬದಿಯಲ್ಲಿ ಆಡುವುದಕ್ಕೂ ಅಜಗಜಾಂತರ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಬೇರೆ ಬೇರೆ ಜಾತಿಯ 1,261 ಯುವಕರನ್ನು ಸೇರಿಸಿಕೊಂಡು, ಚೀಟಿ ಎತ್ತಿದ ಹಾಗೆ ಕೆಲವರನ್ನು ಒಂದು ತಿಂಗಳು ನಡೆಯುವ ಕ್ರಿಕೆಟ್ ಲೀಗುಗಳಿಗೆ ಹಾಕಿದರು, ಉಳಿದವರನ್ನು ಹೋಲಿಕೆಗಾಗಿ ಹೊರಗಿಟ್ಟರು. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು, ನಮ್ಮವರು ಎಂಬ ಪಕ್ಷಪಾತ ತಗ್ಗಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿಯೇ ಹೆಚ್ಚು ಕಂಡವರಲ್ಲಿ ಒಡನಾಟ ಒಟ್ಟಾರೆ ಇಳಿಯಿತು. ಮೈದಾನ ಅದೇ, ಬ್ಯಾಟು ಅದೇ. ಯಾರು ಯಾರ ಜೊತೆ ಎಂಬುದು ಬದಲಾದರೆ ಫಲವೇ ತಿರುಗುಮುರುಗು. ಕೇರಿಗೊಂದು, ಜಾತಿಗೊಂದು ತಂಡ ಕಟ್ಟಿ ಟೂರ್ನಮೆಂಟ್ ನಡೆಸಿ ಸೌಹಾರ್ದ ಎನ್ನುವವರು ಈ ಫಲಿತಾಂಶವನ್ನು ಒಮ್ಮೆ ಓದಬೇಕು.

ಇರಾಕಿನಲ್ಲಿ ರಾಜ್ಯಶಾಸ್ತ್ರಜ್ಞೆ ಸಲ್ಮಾ ಮೂಸಾ ನಡೆಸಿದ ಅಧ್ಯಯನ ಇನ್ನೂ ಮುಂದಿನ ಪ್ರಶ್ನೆ ಎತ್ತುತ್ತದೆ. ಐಸಿಸ್ ದಾಳಿಗೆ ಮನೆಮಠ ಬಿಟ್ಟು ಓಡಿದ್ದ ಕ್ರೈಸ್ತರ ಹವ್ಯಾಸಿ ಫುಟ್ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನೂ ಉಳಿದವಕ್ಕೆ ಕ್ರೈಸ್ತರನ್ನೇ ಸೇರಿಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಿಶ್ರ ತಂಡದಲ್ಲಿ ಆಡಿದ ಕ್ರೈಸ್ತರು, ಎದುರು ತಂಡದ ಮುಸ್ಲಿಂ ಆಟಗಾರನಿಗೆ ಕ್ರೀಡಾಮನೋಭಾವದ ಬಹುಮಾನ ಸಿಗಲೆಂದು ಮತ ಹಾಕುವುದು ಹೆಚ್ಚಾಯಿತು. ಮುಂದಿನ ಲೀಗಿಗೂ ಮಿಶ್ರ ತಂಡಕ್ಕೆ ಹೆಸರು ಕೊಡುವುದು ಹೆಚ್ಚಾಯಿತು, ಆರು ತಿಂಗಳ ಮೇಲೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುತ್ತಿದ್ದರು. ಆದರೆ ಅಂಗಳದಾಚೆ, ಮುಸ್ಲಿಮರ ಹೋಟೆಲಿಗೆ ಹೋಗುವುದರಲ್ಲಾಗಲಿ ಮಿಶ್ರ ಕೂಟಕ್ಕೆ ಹೋಗುವುದರಲ್ಲಾಗಲಿ ಅಂಥ ಬದಲಾವಣೆ ಕಾಣಲಿಲ್ಲ. ಜೊತೆಗಾರನ ಮೇಲೆ ಹುಟ್ಟಿದ ವಿಶ್ವಾಸ ಅವನ ಸಮುದಾಯದ ಅಪರಿಚಿತರವರೆಗೆ ತಲುಪಲಿಲ್ಲ.

ಇದನ್ನು ಓದಿದಾಗ ನನಗೆ ಪಾಲ್ವಂಕರ್ ಬಾಲೂ ನೆನಪಾದರು. ಪುಣೆಯ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುತ್ತಿದ್ದ ದಲಿತ ಹುಡುಗ, ನೆಟ್ಸಿನಲ್ಲಿ ಇಂಗ್ಲಿಷರಿಗೆ ಚೆಂಡೆಸೆದೂ ಎಸೆದೂ ದೊಡ್ಡ ಸ್ಪಿನ್ನರ್ ಆದವರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಆದರೆ ಪುಣೆಯ ಹಿಂದೂ ತಂಡಕ್ಕೆ ಆಡುವಾಗ, ಅವರ ಚಹಾ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಬರುತ್ತಿತ್ತು. ಅವರು ಮುಟ್ಟಿದ ಚೆಂಡಿಗೆ ಮೈಲಿಗೆಯಿರಲಿಲ್ಲ, ಲೋಟಕ್ಕಿತ್ತು. ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಮುಂಬೈಯ ಕೋಮುವಾರು ಟೂರ್ನಮೆಂಟಿನಲ್ಲಿ ಹಿಂದೂ ತಂಡದ ನಾಯಕರಾದದ್ದು ಅವರ ತಮ್ಮ ವಿಠಲ್, 1923ರಲ್ಲಿ. ಬಾಲೂ ಅವರ ಚಹಾ ಗೆರೆಯಾಚೆ ಬರುತ್ತಿದ್ದ ಕಾಲದಿಂದ ತಮ್ಮ ನಾಯಕನಾಗುವ ದಿನದವರೆಗೆ ಹಿಡಿದ ವರ್ಷಗಳನ್ನು ಎಣಿಸಿದರೆ, ಗೆರೆಯಾಚೆ ನಂಬಿಕೆ ಎಷ್ಟು ನಿಧಾನ ನಡೆಯುತ್ತದೆ ಎಂಬುದು ಕಾಣುತ್ತದೆ.

ನಮ್ಮ ಲೋಟ ಯಾವುದೆಂದು ನನಗೆ ತಡವಾಗಿ ತಿಳಿಯಿತು. ಅದು ವಾಟ್ಸಾಪ್ ಗುಂಪು. ಆ ಹುಡುಗ ಎರಡು ತಿಂಗಳು ನಮ್ಮ ಜೊತೆ ಆಡಿದ್ದ, ಆದರೆ ಅವನ ನಂಬರ್ ಸೇರಿಸಲು ಯಾರಿಗೂ ಹೊಳೆದಿರಲಿಲ್ಲ, ನನಗೂ. ಒಂದು ಭಾನುವಾರ ಅಂಗಳದಲ್ಲಿ ನೀರು ನಿಂತಿದೆ ಎಂದು ಹಿಂದಿನ ರಾತ್ರಿ ಆಟವನ್ನು ಬೇರೆ ಕಡೆಗೆ ಬದಲಿಸಿದೆವು. ಗುಂಪಿನಲ್ಲಿ ಎಲ್ಲರಿಗೂ ಸುದ್ದಿ ಹೋಯಿತು. ಅವನು ಬೆಳಗ್ಗೆ ಬಂದು, ನೀರು ನಿಂತ ಅಂಗಳದ ಅಂಚಿನಲ್ಲಿ ಎಂಟು ಗಂಟೆಯವರೆಗೆ ಕಾದಿದ್ದನಂತೆ. ಮರುದಿನ ಸಿಕ್ಕಾಗ, “ನಿನ್ನೆ ಯಾರೂ ಬಂದಿಲ್ಲ ಅಣ್ಣಾ, ಎಲ್ಲರಿಗೂ ಹುಷಾರಿಲ್ವಾ?” ಎಂದು ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ. ಅಲ್ಲೇ ನಿಂತು ಅವನ ನಂಬರ್ ಸೇರಿಸಿದೆ.

ಅಂಗಳದ ಸುತ್ತ ನಡೆಯುವ ಹೆಂಗಸರನ್ನು ನಾವು ಇನ್ನೂ ಕರೆದಿಲ್ಲ. ಅದೂ ಇಲ್ಲೇ ಹೇಳಬೇಕಾದ ಮಾತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಹೆಂಗಸರ ಫುಟ್ಬಾಲ್ ಪಂದ್ಯ ನೋಡಲು 53,000 ಜನ ಸೇರಿದ್ದರು. ಮರುವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರು ಆಡಕೂಡದು ಎಂದಿತು. ಆ ತಡೆ ಸುಮಾರು 50 ವರ್ಷ ಉಳಿಯಿತು. ಕಳೆದದ್ದು ಪಂದ್ಯಗಳಷ್ಟೇ ಅಲ್ಲ. ಐವತ್ತು ವರ್ಷ ಹೆಂಗಸರಿಗೆ ಮೈದಾನದಂಚಿನ ಹರಟೆ, ಕ್ಲಬ್ಬಿನ ಸಮಿತಿ, ಅಲ್ಲಿ ಸಿಗುವ ಕೆಲಸದ ಸುಳಿವು, ಕಷ್ಟಕ್ಕೆ ಬರುವ ಹನ್ನೊಂದು ಜನ, ಇದೆಲ್ಲ ಬಾಗಿಲು ಹಾಕಿದಂತಾಯಿತು.

ಸೇತುವೆಯನ್ನು ಮೊದಲೇ ಲೆಕ್ಕ ಹಾಕಿ ಕಟ್ಟಿದವರೂ ಇದ್ದಾರೆ. ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ 1987ರಲ್ಲಿ ಶುರುವಾದ ಯುವಜನ ಕ್ರೀಡಾಸಂಘದ ಫುಟ್ಬಾಲ್ ಲೀಗಿನಲ್ಲಿ, ಪಂದ್ಯ ಗೆದ್ದರೆ ಮಾತ್ರವಲ್ಲ, ತಂಡ ಕೂಡಿ ಕೇರಿಯ ಕಸ ಎತ್ತಿದರೂ ಪಟ್ಟಿಯಲ್ಲಿ ಅಂಕ ಸೇರುತ್ತದೆ. ನನಗೆ ಇನ್ನೂ ಇಷ್ಟವಾದದ್ದು ಪಾರ್ಕ್‌ರನ್ ಹುಟ್ಟಿದ ಕಥೆ. ಪಾಲ್ ಸಿಂಟನ್-ಹೆವಿಟ್ ಎಂಬ ಓಟಗಾರರಿಗೆ ಪೆಟ್ಟಾಗಿ ಓಡಲು ಆಗದಂತಾಯಿತು. ಓಡುವ ಗೆಳೆಯರ ಒಡನಾಟ ತಪ್ಪಬಾರದೆಂದು ಅವರು 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 5 ಕಿ.ಮೀ. ಓಟ ಏರ್ಪಡಿಸಿದರು. ಬಂದವರು 13 ಓಟಗಾರರು. ಮುಗಿಸಿದ ಕ್ರಮ ಗುರುತಿಸಲು ಕೈಗೆ ಕೊಡುತ್ತಿದ್ದದ್ದು ಬೋಲ್ಟಿಗೆ ಹಾಕುವ ಕಬ್ಬಿಣದ ವಾಷರ್. ಈಗ ಅದು ಎಷ್ಟೋ ದೇಶಗಳಲ್ಲಿ ಪ್ರತಿ ವಾರ ನಡೆಯುತ್ತದೆ, ಶುಲ್ಕವಿಲ್ಲ, ನಡೆಸುವವರೆಲ್ಲ ಸ್ವಯಂಸೇವಕರು. ಎಲ್ಲರಿಗಿಂತ ಹಿಂದೆ ನಡೆದು ಬರುವ ಕೆಲಸವನ್ನು ಒಬ್ಬ ಸ್ವಯಂಸೇವಕರಿಗೆ ವಹಿಸುತ್ತಾರೆ, ಬೇರೆ ಯಾರೂ ಕೊನೆಯವರಾಗಬಾರದೆಂದು. ಓಡಲಾಗದ ಮನುಷ್ಯ ಗೆಳೆಯರಿಗಾಗಿ ಶುರು ಮಾಡಿದ ಓಟದಲ್ಲಿ ಇಂಥದ್ದೊಂದು ಜಾಗ ಇರುವುದು ಸಹಜ ಎನಿಸುತ್ತದೆ.

ಅಣ್ಣನ ಮನೆ ಗೊತ್ತಿದ್ದದ್ದು ಆ ಹುಡುಗನಿಗೆ. ಹಿಂದೊಂದು ದಿನ ಸ್ಕೂಟರ್ ಕೆಟ್ಟು ನಿಂತಾಗ ಅವನು ತಳ್ಳಿಕೊಂಡು ಅವರ ಮನೆಯವರೆಗೂ ಹೋಗಿದ್ದ. ಆ ಬುಧವಾರ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಅಂದರೆ ಅರ್ಧ ದಿನದ ಕೂಲಿ ಬಿಟ್ಟು, ನಮ್ಮಲ್ಲಿ ಮೂವರನ್ನು ಕರೆದುಕೊಂಡು ಹೋದ. ಅಣ್ಣನಿಗೆ ಬಲಗಣ್ಣಿನ ರೆಟಿನಾ ಕಳಚಿ, ತುರ್ತಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಮುಖ ಕೆಳಗೆ ಮಾಡಿಯೇ ಮಲಗಿರಬೇಕೆಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ. ನಾವು ಒಳಗೆ ಹೋದಾಗ ಅಣ್ಣ ತಲೆ ಎತ್ತದೆ, ನೆಲ ನೋಡುತ್ತಲೇ, “ಯಾರ್ಯಾರು ಬಂದಿದೀರಿ?” ಎಂದರು. ಒಬ್ಬೊಬ್ಬರೇ ಮಾತಾಡಿದೆವು. ಧ್ವನಿಯಿಂದಲೇ ಎಲ್ಲರನ್ನೂ ಗುರುತಿಸಿದರು, ಹುಡುಗನನ್ನೂ.

ಅಲ್ಲಿಂದ ಆರು ವಾರ, ಆಸ್ಪತ್ರೆಯ ಓಡಾಟಕ್ಕೆ ಸರದಿ ಹಾಕಿಕೊಂಡೆವು. ಹೊರಗೆ ಕೂರುವ ಸರದಿಯ ಹಾಗೇ, ಯಾರೂ ಬರೆದಿಡದೆ. ಆಂಬುಲೆನ್ಸ್ ಚಾಲಕನಿಗೆ ಆಸ್ಪತ್ರೆಯ ಬಾಗಿಲುಗಳೆಲ್ಲ ಗೊತ್ತು, ನಿವೃತ್ತ ಗುಮಾಸ್ತರಿಗೆ ವಿಮೆಯ ಕಾಗದಪತ್ರ ಗೊತ್ತು. ನೆಟ್ ಕಟ್ಟುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ದಿನಕ್ಕೊಬ್ಬರು ಕೈ ಹಚ್ಚಿ, ಕೊನೆಗೆ ಅದು ಹುಡುಗನ ಕೆಲಸವಾಯಿತು.

ಅಣ್ಣ ಅಂಗಳಕ್ಕೆ ಮತ್ತೆ ಬಂದ ದಿನ ಆಡಲು ಬಂದದ್ದಲ್ಲ. ಇನ್ನೂ ಕೆಲವು ತಿಂಗಳು ಚೆಂಡು ಮುಟ್ಟುವ ಹಾಗಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸ್ಕೋರ್ ಹೇಳುತ್ತೇನೆ ಎಂದರು. ಕೂರುವ ಮೊದಲು ಕಂಬದ ಬಳಿ ಹೋಗಿ, ಕಣ್ಣಿಗಿಂತ ಕೈಯನ್ನೇ ನಂಬಿ, ಬೆರಳಲ್ಲಿ ಗಂಟು ತಡವಿ ನೋಡಿದರು.

“ಇದ್ಯಾರು ಕಟ್ಟಿದ್ದು?”

ಹುಡುಗ ಸರ್ವಿಸಿಗೆಂದು ಎತ್ತಿದ್ದ ಚೆಂಡನ್ನು ಕೆಳಗಿಳಿಸಿ, “ನಾನು ಅಣ್ಣಾ” ಎಂದ.

“ಇನ್ನೊಂದು ಸುತ್ತು ಬೇಕು ಇದಕ್ಕೆ. ಬಾ ಇಲ್ಲಿ. ನೀನು ಜಗ್ಗಿ ಹಿಡಿ.”